ಗುಬ್ಬಿಗೆ ಬಂದಿದ್ದ ಇಪ್ಪತ್ತು ವರ್ಷದ ಐರಿಷ್ ಹುಡುಗ: ವಿಲಿಯಂ ಆರ್ಥರ್

ಇಪ್ಪತ್ತು ವರ್ಷ ಅಂದ್ರೆ ನಮ್ಮಲ್ಲಿ ಐದನೇ ಸೆಮಿಸ್ಟರ್. ಎರಡು ಬ್ಯಾಕ್‌ಲಾಗ್ ಇರುತ್ತೆ, ಇಂಟರ್ನ್‌ಶಿಪ್ ಸಿಗುತ್ತೋ ಇಲ್ಲವೋ ಅನ್ನೋ ಚಿಂತೆ ಇರುತ್ತೆ, ಊರಿಗೆ ಹೋದ್ರೆ ಅಮ್ಮ ಕಟ್ಟಿಕೊಡೋ ಚಟ್ನಿಪುಡಿ ಬ್ಯಾಗಿನಲ್ಲಿರುತ್ತೆ. ಸರಿಯಾಗಿ ಅದೇ ವಯಸ್ಸಿನಲ್ಲಿ ಐರ್ಲೆಂಡಿನ ಒಬ್ಬ ಹುಡುಗ, ವಾಪಸ್ ಹೋಗ್ತೀನೋ ಇಲ್ಲವೋ ಗೊತ್ತಿಲ್ಲದೆ, ನಮ್ಮ ಗುಬ್ಬಿಗೆ ಬಂದು ಮನೆ ಮಾಡಿದ. 1839ರ ಮಾತು. ಆತನ ಹೆಸರು ವಿಲಿಯಂ ಆರ್ಥರ್.

ತುಮಕೂರಿನಿಂದ ಬಿ.ಎಚ್. ರಸ್ತೆಯಲ್ಲಿ ಬಸ್ ಹತ್ತಿದ್ರೆ ಗುಬ್ಬಿ ಸುಮಾರು 20 ಕಿಲೋಮೀಟರ್. ಗುಬ್ಬಿ ಅಂದ ಕೂಡಲೇ ನಮಗೆ ನೆನಪಾಗೋದು ವೀರಣ್ಣನವರ ನಾಟಕ ಕಂಪನಿ, ಚನ್ನಬಸವೇಶ್ವರ ಸ್ವಾಮಿ ಜಾತ್ರೆ, ಅಡಿಕೆ, ಕೊಬ್ಬರಿ. ಆದರೆ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಸಾವಿರಾರು ಜನ ಗುಬ್ಬಿ ಅನ್ನೋ ಹೆಸರನ್ನು ಮೊದಲು ಓದಿದ್ದು ಈ ಹುಡುಗ ಬರೆದ ಪುಸ್ತಕದಲ್ಲಿ. ಆತ ಮುಂದೆ ತನ್ನ ಪಂಥದ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬನಾದ. ಆದರೆ ಗುಬ್ಬಿಯಲ್ಲಿ ಇದ್ದದ್ದು ಎರಡು ವರ್ಷವೂ ಪೂರ್ತಿ ಇಲ್ಲ. ಈ ಲೇಖನ ಆ ಸಣ್ಣ ಅವಧಿಯ ಬಗ್ಗೆ, ಮತ್ತು ಅದು ಬಿಟ್ಟುಹೋದ ಒಂದು ಪ್ರಶ್ನೆಯ ಬಗ್ಗೆ.

ಹುಟ್ಟಿದ್ದು 1819ರ ಫೆಬ್ರವರಿ 3ರಂದು, ಐರ್ಲೆಂಡಿನ ಉತ್ತರ ಭಾಗದ ಆಂಟ್ರಿಮ್ ಕೌಂಟಿಯಲ್ಲಿ. ಚಿಕ್ಕವನಿದ್ದಾಗಲೇ ಮನೆಯವರು ಪಶ್ಚಿಮ ತೀರದ ಮೇಯೋ ಕೌಂಟಿಗೆ ಹೋದರು. ಮೇಯೋ ಬಡವರ ಸೀಮೆ. ಸುತ್ತಮುತ್ತ ಬಹುಪಾಲು ಕ್ಯಾಥೊಲಿಕರು, ಇವರ ಮನೆ ಪ್ರಾಟೆಸ್ಟೆಂಟ್. ಸುತ್ತಲಿನವರ ಬಾಯಲ್ಲಿ ಐರಿಷ್ ಭಾಷೆ. ಅಂದ್ರೆ ನಮ್ಮವರಲ್ಲದವರ ನಡುವೆ ಬದುಕೋದು ಆರ್ಥರ್‌ಗೆ ಇಂಡಿಯಾಕ್ಕೆ ಬಂದ ಮೇಲೆ ಶುರುವಾದದ್ದಲ್ಲ, ಬಾಲ್ಯದಿಂದಲೇ ಅಭ್ಯಾಸ ಆಗಿತ್ತು. 1801ರಿಂದ ಐರ್ಲೆಂಡ್ ಕೂಡ ಲಂಡನ್ನಿನ ಪಾರ್ಲಿಮೆಂಟಿನ ಕೆಳಗೇ ಇತ್ತು ಅನ್ನೋದನ್ನೂ ಇಲ್ಲಿ ನೆನಪಿಟ್ಟುಕೊಳ್ಳಿ.

ಹದಿಹರೆಯದಲ್ಲೇ ಹುಡುಗ ವೆಸ್ಲಿಯನ್ ಮೆಥಡಿಸ್ಟ್ ಪಂಥಕ್ಕೆ ಸೇರಿದ. ಜಾನ್ ವೆಸ್ಲಿ ಹದಿನೆಂಟನೇ ಶತಮಾನದಲ್ಲಿ ಕಟ್ಟಿದ ಪಂಥ ಅದು. ಚರ್ಚಿನ ಒಳಗೆ ಕೂತು ಕಾಯೋ ಬದಲು ಬಯಲಿಗೆ, ಗಣಿಗೆ, ಸಂತೆಗೆ ಹೋಗಿ ಜನರ ಜೊತೆ ಮಾತಾಡೋದು ಅದರ ಪದ್ಧತಿ. ಹದಿನಾರರ ಆಸುಪಾಸಿನಲ್ಲೇ ಈತ ಉಪದೇಶ ಮಾಡೋಕೆ ಶುರುಮಾಡಿದ. ಆಮೇಲೆ ಲಂಡನ್ನಿನ ಹಾಕ್ಸ್‌ಟನ್‌ನಲ್ಲಿದ್ದ ಪಂಥದ ಶಾಲೆಯಲ್ಲಿ ಎರಡು ವರ್ಷ ಓದು. ಅಲ್ಲಿಂದ ಪೋಸ್ಟಿಂಗ್ ಬಂದದ್ದು ಮೈಸೂರು ಸೀಮೆಗೆ.

1839ರ ಏಪ್ರಿಲ್‌ನಲ್ಲಿ ಹಡಗು ಹತ್ತಿದ. ಸೂಯೆಜ್ ಕಾಲುವೆ ಆಗೋಕೆ ಇನ್ನೂ ಮೂವತ್ತು ವರ್ಷ ಇತ್ತು. ಹಾಗಾಗಿ ಆಫ್ರಿಕಾ ಖಂಡವನ್ನೇ ಸುತ್ತಿ ಬರೋ ತಿಂಗಳುಗಟ್ಟಲೆಯ ಪ್ರಯಾಣ. ಮದ್ರಾಸಿನಲ್ಲಿ ಇಳಿದ ಮೇಲೂ ಕಥೆ ಮುಗೀಲಿಲ್ಲ. ಭಾರತದಲ್ಲಿ ಮೊದಲ ಪ್ಯಾಸೆಂಜರ್ ರೈಲು ಓಡಿದ್ದೇ 1853ರಲ್ಲಿ. ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಆದ್ದರಿಂದ ಘಟ್ಟ ಹತ್ತಿ ಬೆಂಗಳೂರು, ಅಲ್ಲಿಂದ ಗುಬ್ಬಿ, ಎಲ್ಲಾ ಪಲ್ಲಕ್ಕಿ, ಕುದುರೆ, ಎತ್ತಿನಗಾಡಿ ಲೆಕ್ಕದಲ್ಲಿ.

ಆಗ ನಮ್ಮ ಸೀಮೆ ಹೇಗಿತ್ತು? 1830ರ ನಗರ ದಂಗೆಯ ನಂತರ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡಿದ್ದರು. ಮಹಾರಾಜರು ಮೈಸೂರಿನ ಅರಮನೆಯಲ್ಲಿ, ಅಧಿಕಾರ ಬೆಂಗಳೂರಿನ ಕಮಿಷನರ್ ಮಾರ್ಕ್ ಕಬ್ಬನ್ ಹತ್ತಿರ. ಹೌದು, ಕಬ್ಬನ್ ಪಾರ್ಕ್‌ನ ಅದೇ ಕಬ್ಬನ್. ಚಿತ್ರದುರ್ಗ ವಿಭಾಗದ ಮುಖ್ಯ ಕಚೇರಿ ತುಮಕೂರಿನಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಡಾಬ್ಸ್ ಎಂಬ ಅಧಿಕಾರಿ. ಬೆಂಗಳೂರಿನಿಂದ ಬರುವಾಗ ನಾವೆಲ್ಲ ದಾಟಿ ಬರೋ ಡಾಬಸ್‌ಪೇಟೆಗೆ ಹೆಸರು ಬಂದದ್ದು ಅವರಿಂದಲೇ.

ಗುಬ್ಬಿ ಆಗ ಕೋಟೆ ಪೇಟೆ ಇದ್ದ ವ್ಯಾಪಾರದ ಊರು. 1800ರಲ್ಲಿ ಈ ಕಡೆ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕೂಡ ಇಲ್ಲಿನ ಸಂತೆ, ಅಡಿಕೆ ವ್ಯಾಪಾರದ ಬಗ್ಗೆ ಬರೆದಿದ್ದಾನೆ. ಮಿಷನರಿಗಳಿಗೆ ಈ ಊರು ಕಣ್ಣಿಗೆ ಬಿದ್ದದ್ದೂ ಇದೇ ಕಾರಣಕ್ಕೆ. ಸಂತೆ ದಿನ ಒಂದು ಕಡೆ ನಿಂತು ಮಾತಾಡಿದ್ರೆ ಹತ್ತಾರು ಹಳ್ಳಿಗಳಿಗೆ ಸುದ್ದಿ ಹೋಗುತ್ತಲ್ಲ! ಆರ್ಥರ್‌ಗಿಂತ ಎರಡು ವರ್ಷ ಮೊದಲೇ, 1837ರಲ್ಲಿ, ಥಾಮಸ್ ಹಾಡ್ಸನ್ ಎಂಬ ಹಿರಿಯ ಮಿಷನರಿ ಗುಬ್ಬಿಯಲ್ಲಿ ನೆಲೆ ಹೂಡಿದ್ದರು. ಗುಬ್ಬಿ ಆದಮೇಲೆ ಕುಣಿಗಲ್, ಆಮೇಲೆ ತುಮಕೂರು, ಹೀಗೆ ಈ ಮಿಷನ್ ಹರಡಿತು. ಅವರ ಹಳೆಯ ವರದಿಗಳಲ್ಲಿ ಗುಬ್ಬಿ ಮತ್ತು ಕುಣಿಗಲ್ ಜೋಡಿ ಹೆಸರಿನ ಹಾಗೆ ಒಟ್ಟಿಗೇ ಬರುತ್ತವೆ. ಇಂಗ್ಲಿಷ್ ಕಾಗುಣಿತ ಮಾತ್ರ ನಾವು ಗುರುತು ಹಿಡಿಯೋಕಾಗದಷ್ಟು ವಿಚಿತ್ರ.

ಮೊದಲ ಕೆಲಸ, ಕನ್ನಡ ಕಲಿಯೋದು. ಇಂಗ್ಲಿಷಿನಲ್ಲೇ ಕೆಲಸ ನಡೆಸಬಹುದು ಅನ್ನೋ ಮಾತು ಗುಬ್ಬಿಯಲ್ಲಿ ನಡೆಯೋ ಹಾಗಿರಲಿಲ್ಲ. ಕಲಿಯೋಕೆ ಏನಿತ್ತು? 1817ರಲ್ಲಿ ಬಂದಿದ್ದ ವಿಲಿಯಂ ಕೇರಿಯ ವ್ಯಾಕರಣ, 1820ರ ಮೆಕೆರೆಲ್‌ನ ವ್ಯಾಕರಣ, 1832ರ ರೀವ್‌ನ ನಿಘಂಟು. ಕಿಟೆಲ್ ಆಗಿನ್ನೂ ಏಳು ವರ್ಷದ ಹುಡುಗ, ಜರ್ಮನಿಯಲ್ಲಿ ಆಡಿಕೊಂಡಿದ್ದ. ಅವನ ನಿಘಂಟು ಬರೋಕೆ 1894 ಆಗಬೇಕಿತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರುವಾದದ್ದೇ 1843ರಲ್ಲಿ. ಹಾಗಾಗಿ ಓದಿ ಕಲಿಯೋಕೆ ಒಂದು ಪೇಪರ್ ಕೂಡ ಇಲ್ಲ. ಆ ಕಾಲದ ವಿದೇಶಿಯರು ಒಬ್ಬ ಮುನ್ಷಿಯನ್ನು ಇಟ್ಟುಕೊಂಡು, ಉಳಿದದ್ದನ್ನು ಬೀದಿಯಲ್ಲಿ ಕಿವಿಯಿಂದ ಕಲಿಯಬೇಕಿತ್ತು.

ಕನ್ನಡ ಹೊಸದಾಗಿ ಕಲಿಯೋ ಗೆಳೆಯರು ನಮ್ಮ ಕ್ಯಾಂಪಸ್ಸಿನಲ್ಲೂ ಇದ್ದಾರಲ್ಲ, ಅವರನ್ನ ಕೇಳಿ ನೋಡಿ. ‘ಲ’ ಮತ್ತು ‘ಳ’ ವ್ಯತ್ಯಾಸ, ಯಾರಿಗೆ ನೀನು ಯಾರಿಗೆ ನೀವು ಅನ್ನೋ ಲೆಕ್ಕ, ಮನೆಯಿಂದ ಹೊರಡುವಾಗ ಬರ್ತೀನಿ ಅನ್ನೋದು, ಎಲ್ಲವೂ ತಲೆ ಕೆಡಿಸುತ್ತೆ. ಪುಸ್ತಕದ ಕನ್ನಡ ಒಂದು, ಅಂಗಡಿ ಮುಂದಿನ ಕನ್ನಡ ಇನ್ನೊಂದು. ಇಷ್ಟೆಲ್ಲ ಇದ್ದರೂ ಆರ್ಥರ್ ಸಂತೆಯಲ್ಲಿ ನಿಂತು, ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡುವಷ್ಟು ಕನ್ನಡ ಕಲಿತ. ಅದೂ ಎರಡು ವರ್ಷದೊಳಗೆ. ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಸ್ವಲ್ಪ ಸ್ವಲ್ಪ ಬರುತ್ತೆ ಅನ್ನೋವ್ರನ್ನ ನೋಡಿರೋ ನಮಗೆ ಇದು ಸಣ್ಣ ವಿಷಯ ಅಲ್ಲ.

ದಿನಚರಿ ಅಂದ್ರೆ ಸುತ್ತಾಟವೇ. ಗುಬ್ಬಿ ಪೇಟೆ, ಸುತ್ತಲಿನ ಹಳ್ಳಿಗಳು, ಸಂತೆ, ಜಾತ್ರೆ. ಅರಳಿಕಟ್ಟೆಯ ಹತ್ತಿರ ಅಥವಾ ಅಂಗಡಿ ಸಾಲಿನಲ್ಲಿ ನಿಂತು ಮಾತು ಶುರುಮಾಡೋದು. ಬಿಳಿಯ ಹುಡುಗ ಕನ್ನಡದಲ್ಲಿ ಮಾತಾಡ್ತಾನೆ ಅಂದ್ರೆ ಜನ ಸೇರದೆ ಇರ್ತಾರಾ? ಸೇರಿದವರು ಸುಮ್ಮನೆ ಕೇಳಿಕೊಂಡೂ ಹೋಗ್ತಿರಲಿಲ್ಲ, ವಾದ ಮಾಡ್ತಿದ್ದರು. ಬ್ರಾಹ್ಮಣರು, ಜಂಗಮರು, ಬಣಜಿಗ ವ್ಯಾಪಾರಿಗಳು, ಎಲ್ಲರಿಗೂ ತಮ್ಮದೇ ತರ್ಕ ಇತ್ತು. ಕರ್ಮ, ವಿಗ್ರಹ, ಒಬ್ಬನೇ ದೇವರಿಗೆ ಹಲವು ಹೆಸರು, ಈ ವಿಷಯಗಳ ಮೇಲೆ ಚರ್ಚೆ ನಡೆಯುತ್ತಿತ್ತು. ಹನ್ನೆರಡನೇ ಶತಮಾನದ ಶರಣರ ಪರಂಪರೆ ಇರೋ ನೆಲದಲ್ಲಿ, ಕಲ್ಲಿನ ದೇವರ ಬಗ್ಗೆ ಪ್ರಶ್ನೆ ಎತ್ತೋದು ಹೊಸ ಸುದ್ದಿಯೇನೂ ಆಗಿರಲಿಲ್ಲ. ಮೈಮೇಲೆ ಇಷ್ಟಲಿಂಗ ಧರಿಸಿದವರ ಜೊತೆ ಮಾತಾಡುವಾಗ ತನ್ನ ವಾದ ಹೊಸದು ಅಂದುಕೊಂಡು ಬಂದ ಹುಡುಗನಿಗೆ, ಎದುರಿನವರ ಹತ್ತಿರವೂ ಉತ್ತರ ಇದೆ ಅಂತ ಬೇಗ ಅರಿವಾಗಿರಲೇಬೇಕು.

ಶಾಲೆಗಳು ಇನ್ನೊಂದು ಕೆಲಸ. ಆಗ ಊರುಗಳಲ್ಲಿ ಇದ್ದದ್ದು ಐಗಳ ಮಠ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದೋದು, ಆಮೇಲೆ ಕಡತದ ಮೇಲೆ ಬಳಪದಲ್ಲಿ ಬರೆಯೋದು, ಮಗ್ಗಿಯನ್ನು ಗಟ್ಟಿಯಾಗಿ ರಾಗವಾಗಿ ಒಪ್ಪಿಸೋದು. ಇದರ ಪಕ್ಕದಲ್ಲಿ ಮಿಷನ್ ಶಾಲೆಗಳು ಅಚ್ಚಾದ ಪುಸ್ತಕ ತಂದವು. 1840ರಲ್ಲಿ ವೆಸ್ಲಿಯನ್ ಮಿಷನ್ ಬೆಂಗಳೂರಿನಲ್ಲಿ ಪ್ರೆಸ್ ಹಾಕಿತು, ಅಂದ್ರೆ ಆರ್ಥರ್ ಗುಬ್ಬಿಯಲ್ಲಿ ಇದ್ದಾಗಲೇ. ಕನ್ನಡಕ್ಕೆ ಅಚ್ಚಿನ ಮೊಳೆ ಮಾಡೋದು ಎಂಜಿನಿಯರಿಂಗ್ ಸಮಸ್ಯೆಯೂ ಹೌದು. ಇಂಗ್ಲಿಷಿಗೆ 26 ಅಕ್ಷರದ ಸಣ್ಣದು ದೊಡ್ಡದು ಮಾಡಿದ್ರೆ ಮುಗೀತು. ನಮಗೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಮೊಳೆ ಬೇಕು, ಒತ್ತು ಸಾಲಿನ ಕೆಳಗೆ ಇಳಿಯುತ್ತೆ. ಯೂನಿಕೋಡ್ ಫಾಂಟಿನಲ್ಲಿ ಒತ್ತಕ್ಷರ ಒಡೆದುಹೋಗಿದ್ದನ್ನ ಸರಿಮಾಡೋಕೆ ನಮ್ಮ ಮ್ಯಾಗಝಿನ್ ಟೀಮ್ ಪಡೋ ಪಾಡು ಅವರು ಸೀಸದಲ್ಲಿ ಪಟ್ಟಿದ್ದರು.

ಇನ್ನು ಆತನ ಅಭಿಪ್ರಾಯಗಳು. ಇಲ್ಲಿ ಮುಲಾಜಿಲ್ಲದೆ ಹೇಳಬೇಕು. ಆರ್ಥರ್ ಬಂದದ್ದು ನಮ್ಮನ್ನ ಅರ್ಥ ಮಾಡಿಕೊಳ್ಳೋಕೆ ಅಲ್ಲ, ಬದಲಾಯಿಸೋಕೆ. ವಿಗ್ರಹಾರಾಧನೆ ತಪ್ಪು ಅನ್ನೋದು ಆತನ ಗಟ್ಟಿ ನಂಬಿಕೆ. ದೇವಸ್ಥಾನ, ಜಾತ್ರೆ, ತೇರು, ಇದರಲ್ಲಿ ಆತ ಕಂಡದ್ದು ಕತ್ತಲೆಯನ್ನೇ. ತೇರಿನ ದಿನ ಮಗಳು ಅಳಿಯ ತವರಿಗೆ ಬರ್ತಾರೆ, ಸಾಲ ತೀರುತ್ತೆ, ಹೆಣ್ಣು ಗಂಡು ನೋಡ್ತಾರೆ, ಬಳೆಗಾರನಿಗೆ ವರ್ಷದ ದುಡಿಮೆ ಆಗುತ್ತೆ. ಅದನ್ನ ನೋಡೋಕೆ ಆತ ತಂದಿದ್ದ ಕನ್ನಡಕ ಸಾಲುತ್ತಿರಲಿಲ್ಲ. ಹಾಗಂತ ಆತ ಕಂಡದ್ದೆಲ್ಲ ಸುಳ್ಳೂ ಅಲ್ಲ. ಜಾತಿ ಈ ಸಮಾಜದ ದೊಡ್ಡ ಗೋಡೆ ಅಂತ ಆತ ಬರೆದಾಗ ಅದನ್ನು ಹೊರಗಿನವನ ಮಾತು ಅಂತ ತಳ್ಳಿಹಾಕೋ ಹಾಗಿಲ್ಲ. ಮತ ಬದಲಿಸಿದವನನ್ನು ಮನೆ, ಬಾವಿ, ಊರು ಎಲ್ಲ ಒಟ್ಟಿಗೇ ಹೊರಗೆ ಹಾಕುತ್ತಿದ್ದವು. ಆದ್ದರಿಂದಲೇ ಗುಬ್ಬಿ ಸುತ್ತ ಮತಾಂತರ ಆದವರು ಬೆರಳೆಣಿಕೆಯಷ್ಟು. ಮಾತಿಗೆ ಸೇರೋ ಜನ ನೂರಾರು, ಜೊತೆಗೆ ಬರೋರು ಇಲ್ಲವೇ ಇಲ್ಲ ಅನ್ನೋ ಹಾಗೆ. ಆತ ಬಂದ ಉದ್ದೇಶದ ಲೆಕ್ಕದಲ್ಲಿ ನೋಡಿದ್ರೆ ಗುಬ್ಬಿಯ ದಿನಗಳು ಫೇಲ್.

ಅಷ್ಟರಲ್ಲಿ ಆರೋಗ್ಯ ಕೈಕೊಟ್ಟಿತು. ಮುಖ್ಯವಾಗಿ ಕಣ್ಣು. ಇವತ್ತು ಕಣ್ಣಿನ ಡಾಕ್ಟರ್ ಒಂದು ಸಣ್ಣ ಉಪಕರಣ ಹಿಡಿದು ಕಣ್ಣಿನ ಒಳಗನ್ನೇ ನೋಡ್ತಾರಲ್ಲ, ಆ ಆಫ್ತಾಲ್ಮೊಸ್ಕೋಪನ್ನು ಹರ್ಮನ್ ಹೆಲ್ಮ್‌ಹೋಲ್ಟ್ಸ್ ಮಾಡಿದ್ದು 1851ರಲ್ಲಿ. ಆರ್ಥರ್‌ಗೆ ಕಣ್ಣು ತೊಂದರೆ ಕೊಟ್ಟದ್ದು ಅದಕ್ಕೆ ಹತ್ತು ವರ್ಷ ಮೊದಲು. ಅಂದ್ರೆ ಜಗತ್ತಿನ ಯಾವ ವೈದ್ಯನೂ ಆಗ ಜೀವಂತ ಮನುಷ್ಯನ ಕಣ್ಣಿನ ಹಿಂಭಾಗ ಸರಿಯಾಗಿ ನೋಡೋಕೆ ಸಾಧ್ಯವಿರಲಿಲ್ಲ. ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅನ್ನೋದು ತಿಳಿದದ್ದೂ 1897ರಲ್ಲಿ. ದೂರದ ಊರಲ್ಲಿ ಹುಷಾರು ತಪ್ಪಿದವನಿಗೆ ಇದ್ದ ಔಷಧಿ ಒಂದೇ, ವಾಪಸ್ ಹೋಗು. 1841ರಲ್ಲಿ ಆರ್ಥರ್ ಗುಬ್ಬಿ ಬಿಟ್ಟ. ವಯಸ್ಸು ಇಪ್ಪತ್ತೆರಡು. ಮತ್ತೆ ಬರಲೇ ಇಲ್ಲ. ಕಣ್ಣಿನ ಕಾಟ ಮಾತ್ರ ಆಗಾಗ ಬರುತ್ತಾ ಬದುಕಿಡೀ ಜೊತೆಗಿತ್ತು.

ಇಲ್ಲಿಂದ ಮುಂದೆ ಆತನ ಬದುಕು ದೊಡ್ಡದಾಗುತ್ತಾ ಹೋಯಿತು. ಲಂಡನ್ನಿನಲ್ಲಿ ಕೆಲಸ. 1847ರಲ್ಲಿ ‘ಎ ಮಿಷನ್ ಟು ದಿ ಮೈಸೂರ್’ ಪುಸ್ತಕ, ಅದರಲ್ಲಿ ಹಡಗಿನ ಪ್ರಯಾಣ, ಗುಬ್ಬಿಯ ಬೀದಿಗಳು, ಭಾರತದ ಜನಸಂಖ್ಯೆ, ಧರ್ಮ ಎಲ್ಲ ಇವೆ. ಆಮೇಲೆ ಪ್ಯಾರಿಸ್. 1848ರಲ್ಲಿ ಫ್ರಾನ್ಸಿನ ರಾಜನನ್ನು ಇಳಿಸಿದ ಕ್ರಾಂತಿ ನಡೆದಾಗ ಆತ ಅಲ್ಲೇ ಇದ್ದ. 1850ರಲ್ಲಿ ಮದುವೆ. 1851ರಿಂದ ಮಿಷನ್ ಸಂಸ್ಥೆಯ ಕಾರ್ಯದರ್ಶಿ. 1856ರ ‘ದಿ ಟಂಗ್ ಆಫ್ ಫೈರ್’ ಪುಸ್ತಕ ಇಂಗ್ಲೆಂಡ್ ಅಮೆರಿಕ ಎರಡೂ ಕಡೆ ತುಂಬಾ ಓಡಿತು. ಒಬ್ಬ ದಿನಸಿ ವ್ಯಾಪಾರಿಯ ಜೀವನಚರಿತ್ರೆ ಬರೆದ. ಗಳಿಸಿದ್ದರಲ್ಲಿ ಇಂತಿಷ್ಟು ಪಾಲು ಅಂತ ಮೊದಲೇ ಎತ್ತಿಟ್ಟು ದಾನ ಮಾಡಬೇಕು, ಮನಸ್ಸು ಬಂದಾಗ ಕೊಡೋದಲ್ಲ ಅಂತ ಪ್ರಚಾರ ಮಾಡಿದ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಎಷ್ಟೋ ದೊಡ್ಡವರು ದಕ್ಷಿಣದ ಕಡೆ ವಾಲಿದಾಗ ಆರ್ಥರ್ ಉತ್ತರದ ಪರ ಬರೆದ. 1866ರಲ್ಲಿ ಬ್ರಿಟನ್ನಿನ ಮೆಥಡಿಸ್ಟರ ಅಧ್ಯಕ್ಷ, 1868ರಿಂದ 1871ರವರೆಗೆ ಬೆಲ್‌ಫಾಸ್ಟಿನ ಮೆಥಡಿಸ್ಟ್ ಕಾಲೇಜಿನ ಪ್ರಿನ್ಸಿಪಾಲ್. ಸಂತೆಯಲ್ಲಿ ನಿಂತು ಮಾತಾಡುತ್ತಿದ್ದವನಿಗೆ ವಯಸ್ಸಾದಂತೆ ಧ್ವನಿಯೂ ಕೈಕೊಟ್ಟಿತು. 1891ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಮೆಥಡಿಸ್ಟರ ವಿಶ್ವ ಸಮ್ಮೇಳನಕ್ಕೆ ಆತ ಬರೆದ ಉಪದೇಶವನ್ನು ಬೇರೆಯವರು ಓದಬೇಕಾಯಿತು. 1901ರ ಮಾರ್ಚ್ 9ರಂದು ಫ್ರಾನ್ಸಿನ ಕಾನ್ ಊರಿನಲ್ಲಿ ತೀರಿಕೊಂಡ, 82 ವರ್ಷ.

ಈಗ ನಾನು ಹೇಳಿದ ಪ್ರಶ್ನೆಗೆ ಬರೋಣ. ಗುಬ್ಬಿಯಲ್ಲಿ ಎರಡು ವರ್ಷಕ್ಕೂ ಕಡಿಮೆ ಇದ್ದ. ಆದರೆ ನಂತರದ ಅರವತ್ತು ವರ್ಷ ಆತ ಭಾರತ ಬಲ್ಲವನು. ಆತ ಹೇಳಿದ್ದೇ ಅಲ್ಲಿನವರಿಗೆ ಗುಬ್ಬಿ. ಗುಬ್ಬಿಯವರು ಆತನ ಬಗ್ಗೆ ಏನಂದುಕೊಂಡಿದ್ದರು? ಸಂತೆಯಲ್ಲಿ ವಾದ ಮಾಡಿದ ಆ ವ್ಯಾಪಾರಿ ರಾತ್ರಿ ಮನೆಗೆ ಹೋಗಿ ಊಟಕ್ಕೆ ಕೂತಾಗ ಏನು ಹೇಳಿದ? ಕನ್ನಡ ಕಲಿಸಿದವರು ಶಿಷ್ಯನ ಉಚ್ಚಾರ ಕೇಳಿ ಒಳಗೊಳಗೇ ನಕ್ಕರಾ? ಅವರ ಕಡೆಯಿಂದ ಯಾರೂ ಪುಸ್ತಕ ಬರೆಯಲಿಲ್ಲ. ವಾದ ಇಬ್ಬರ ನಡುವೆ ನಡೆದಿತ್ತು, ಅಚ್ಚಾದದ್ದು ಒಬ್ಬರದ್ದು. ಹಾಗಾಗಿ ಆ ಪುಸ್ತಕ ಓದುವಾಗ ಅದರಲ್ಲಿ ಸೋತ ಹಾಗೆ ಕಾಣೋ ಗುಬ್ಬಿಯವರನ್ನ ನೋಡಿ, ನಿಜವಾಗಲೂ ಸೋತರಾ ಅಂತ ಒಂದು ಸಲ ಕೇಳಿಕೊಳ್ಳಬೇಕು.

ಹಾಡ್ಸನ್ ಇದಕ್ಕೆ ಬೇರೆ ಥರ. ಅವರ ಹೆಸರು ಆರ್ಥರ್‌ನಷ್ಟು ದೊಡ್ಡದಾಗಲಿಲ್ಲ. ಆದರೆ ಇಂಗ್ಲೆಂಡಿಗೆ ಹೋದರೂ ಮತ್ತೆ ಬಂದರು, ಒಟ್ಟು ಇಪ್ಪತ್ತೈದು ವರ್ಷದಷ್ಟು ಮೈಸೂರು ಸೀಮೆಯಲ್ಲಿ ಕಳೆದರು. 1859ರಲ್ಲಿ ಕನ್ನಡ ಕಲಿಯೋರಿಗೆ ಒಂದು ವ್ಯಾಕರಣ ಬರೆದರು, 1864ರಲ್ಲಿ ಅದರ ಎರಡನೇ ಮುದ್ರಣ ಬಂತು. 1877ರಲ್ಲಿ ಬಂದ ‘ಓಲ್ಡ್ ಡೇನಿಯಲ್’ ಪುಸ್ತಕದಲ್ಲಿ ಗುಬ್ಬಿ ಕಡೆಯ ಒಬ್ಬ ಸಾಮಾನ್ಯ ಹಳ್ಳಿಗನ ಬದುಕನ್ನೇ ಬರೆದರು, ಜೊತೆಗೆ ಹಳ್ಳಿ ಬದುಕಿನ ವಿವರಗಳನ್ನೂ. ಉದ್ದೇಶ ಅವರದ್ದೂ ಮತಪ್ರಚಾರವೇ. ಆದರೂ ಇದ್ದಷ್ಟು ದಿನ ಹೆಚ್ಚಾದಂತೆ ಬರವಣಿಗೆ ಭಾರತ ಎಂಬ ದೊಡ್ಡ ವಿಷಯದಿಂದ ಇಳಿದು ಒಂದು ಹಳ್ಳಿ, ಒಬ್ಬ ಮುದುಕ, ಒಂದು ಭಾಷೆಯ ವ್ಯಾಕರಣಕ್ಕೆ ಬಂತು. ಹತ್ತಿರದಿಂದ ನೋಡಿದವರು ಹೀಗೇ ಬರೀತಾರೇನೋ.

ಆದರೆ ಆರ್ಥರನನ್ನು ಬರೀ ಬೈದು ಬಿಡೋಕೆ ನನಗೆ ಮನಸ್ಸಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಗೊತ್ತಿಲ್ಲದ ಊರಿಗೆ ಬಂದು, ಅಲ್ಲಿನ ಭಾಷೆಯನ್ನೇ ಮೊದಲು ಕಲಿತು, ಅದೇ ಭಾಷೆಯಲ್ಲಿ ಬೈಸಿಕೊಳ್ಳೋಕೂ ಸಿದ್ಧನಾಗಿ ದಿನಾ ಬೀದಿಗೆ ಇಳಿದ. ಅದಕ್ಕೆ ಧೈರ್ಯ ಬೇಕು. ತಪ್ಪಿದ್ದು ಎಲ್ಲಿ ಅಂದ್ರೆ, ಬರೋ ಮೊದಲೇ ಉತ್ತರ ಬರೆದುಕೊಂಡು ಬಂದಿದ್ದ. ಲ್ಯಾಬ್‌ನಲ್ಲಿ ನಾವೂ ಮಾಡ್ತೀವಲ್ಲ, ಗ್ರಾಫ್ ಹೇಗೆ ಬರಬೇಕು ಅಂತ ಸೀನಿಯರ್ ರೆಕಾರ್ಡ್ ನೋಡಿ ಮೊದಲೇ ಗೊತ್ತು, ರೀಡಿಂಗ್ ಆಮೇಲೆ ಹೊಂದಿಸೋದು. ಹಾಗೆ.

ನಮ್ಮ ಬ್ಯಾಚಿನಲ್ಲೇ ಎಷ್ಟೋ ಜನ ಮುಂದಿನ ವರ್ಷ ಎಂಎಸ್ ಅಂತ ಅಮೆರಿಕಕ್ಕೋ ಜರ್ಮನಿಗೋ ಹಾರ್ತಾರೆ. ಎರಡೇ ವರ್ಷ ಇದ್ದು ಅಲ್ಲಿನ ಜನ ಹೀಗೆ, ಅವರ ಸಂಸಾರ ಹೀಗೆ ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಬರೀತೀವಿ. ರಾಯಚೂರು, ಬೀದರ್, ಬಿಹಾರದಿಂದ ತುಮಕೂರಿಗೆ ಬಂದ ಗೆಳೆಯರೂ ನಮ್ಮ ಬಗ್ಗೆ ಏನೇನೋ ಹೇಳ್ತಿರ್ತಾರೆ, ನಾವೂ ಅವರ ಬಗ್ಗೆ. ಯಾರದ್ದೂ ಪೂರ್ತಿ ಸುಳ್ಳಲ್ಲ, ಯಾರದ್ದೂ ಪೂರ್ತಿ ನಿಜವೂ ಅಲ್ಲ.

1947ರಲ್ಲಿ ವೆಸ್ಲಿಯನ್ ಮಿಷನ್ನಿನ ಸಭೆಗಳು ದಕ್ಷಿಣ ಭಾರತ ಸಭೆ, ಅಂದ್ರೆ ಸಿ.ಎಸ್.ಐ. ಜೊತೆ ಸೇರಿಹೋದವು. ತುಮಕೂರಿನಲ್ಲಿ ವೆಸ್ಲಿ ಅನ್ನೋ ಹೆಸರು ಇನ್ನೂ ಕಿವಿಗೆ ಬೀಳುತ್ತೆ, ಯಾರ ಹೆಸರು ಅಂತ ಕೇಳಿದವರು ಕಡಿಮೆ. ಗುಬ್ಬಿ ಸಂತೆ ಮಾತ್ರ ಈಗಲೂ ನಡೆಯುತ್ತೆ. ಮುಂದಿನ ಸಲ ಆ ಕಡೆ ಹೋದಾಗ ಸಂತೆಯಲ್ಲಿ ಐದು ನಿಮಿಷ ನಿಂತುಕೊಳ್ಳಿ. ಕೊಬ್ಬರಿ ರೇಟಿಗೆ ಚೌಕಾಸಿ ಮಾಡೋ ಒಬ್ಬ ಅಜ್ಜನ ಮಾತು ಕೇಳಿ. ಇಂಥ ಅಜ್ಜನ ಎದುರು ಒಬ್ಬ ಐರಿಷ್ ಹುಡುಗ ವ್ಯಾಕರಣ ಪುಸ್ತಕದ ಕನ್ನಡದಲ್ಲಿ ವಾದಕ್ಕೆ ನಿಂತಿದ್ದ ಅಂತ ನೆನಪು ಮಾಡಿಕೊಳ್ಳಿ. ಯಾರು ಗೆದ್ದಿರಬಹುದು ಅಂತ ನಿಮಗೇ ಗೊತ್ತಾಗುತ್ತೆ.